ತೀರ್ಥಪ್ಪನವರ ಏಳನೇ ನೋಟು

"ತೀರ್ಥಪ್ಪನೋರ ಮನೇಲಿ ಮೂರು ಸಾವಿರ ಫ್ರಾಂಕು ಐತಂತೆ ಕಣ್ರೀ. ಒಂದು ಲೋಟ ಕಾಫಿ ಕೇಳಿ ನೋಡಿ, ಹಾಲು ಒಡೆದೋಯ್ತು ಅಂತಾರೆ." ಕಡೂರಿನ ಕೊಬ್ಬರಿ ಮಂಡಿ ಬೀದಿಯಲ್ಲಿ ನೆರೆಮನೆಯ ಸಿದ್ದಪ್ಪನಿಂದ ಹಿಡಿದು ಎಲ್ಲರೂ ಆಡುತ್ತಿದ್ದ ಮಾತಿದು. ನಲ್ಲಿ ಹತ್ತಿರ ಕಿವಿಗೆ ಬಿದ್ದರೂ ತೀರ್ಥಪ್ಪನವರ ಹೆಂಡತಿ ಮಲ್ಲಿಕಾಂಬ ಮುನಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ದಿನವೂ ಹಾಲು ಅಳೆದು ಕೊಡುತ್ತಿದ್ದ ಕೈ ಗಂಡನದೇ ಎಂದು ಅವರಿಗೆ ಗೊತ್ತಿಲ್ಲವೇ?

ಈ ಹುಚ್ಚು ಹತ್ತಿದ್ದು ಎಂಬತ್ತನೇ ಇಸವಿಯಲ್ಲಿ. ಕೊಬ್ಬರಿ ವ್ಯಾಪಾರಕ್ಕೆಂದು ತರೀಕೆರೆಗೆ ಹೋದ ತೀರ್ಥಪ್ಪ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಯ್ಯನ ಗೋಣಿತಾಟಿನ ಮುಂದೆ ಕೂತುಬಿಟ್ಟರು. ಹೊನ್ನಯ್ಯ ಹಳೇ ನಾಣ್ಯ, ಸ್ಟಾಂಪು, ಪರದೇಶದ ನೋಟು ಮಾರುವವನು; ಮಾಲು ಬೊಂಬಾಯಿಯಿಂದ ಅಂಚೆಯಲ್ಲಿ ಬರುತ್ತಿತ್ತು. ಅದರಲ್ಲಿ ಒಂದು ನೇರಳೆ ಬಣ್ಣದ ಐನೂರು ಫ್ರಾಂಕಿನ ನೋಟು, ನಡುವೆ ಉದ್ದ ಕೊಂಬಿನ ದನ.

"ಇದು ನಮ್ಮ ಅಜ್ಜಂಪುರದ ಅಮೃತಮಹಲ್ ಎತ್ತಲ್ವೇನೋ?"

"ಆಫ್ರಿಕದ್ದು ಯಜಮಾನ್ರೇ. ಆರು ದೇಶ ಸೇರ್ಕಂಡು ಒಂದೇ ನೋಟು ನಡೆಸ್ತಾವೆ. ಯಾವ ದೇಶದ್ದು ಅಂತ ತಿಳಿಯಾಕೆ ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಆರೂ ಸಿಕ್ಕಿದ್ರೆ ಸೆಟ್ಟು."

"ಒಂದೇ ಮಠ, ಆರು ಶಾಖೆ ಅನ್ನು!" ತೀರ್ಥಪ್ಪನವರ ಮುಖ ಅರಳಿತು.

ನೋಟು ಕೊಂಡು ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದರು. ಮಲ್ಲಿಕಾಂಬ ಕೈಲಿದ್ದ ಮೊರ ಕೆಳಗಿಟ್ಟರು. "ಅಲ್ರೀ, ಆರು ದೇಶದೋರು ಒಂದೇ ನೋಟು ಇಟ್ಕಂಡು ಬಾಳ್ತಾವ್ರೆ. ನೀವು ಅಣ್ಣ ತಮ್ಮ ಇಬ್ರೇ, ಒಂದು ಪಂಪ್‌ಸೆಟ್ ಇಟ್ಕಣಾಕೆ ಆಗಲಿಲ್ವಲ್ಲ!"

ತೀರ್ಥಪ್ಪ ಕೇಳಿಸದವರಂತೆ ನೋಟನ್ನು ಬೆಳಕಿಗೆ ಹಿಡಿದರು. ಪಂಚನಹಳ್ಳಿ ತೆಂಗಿನ ತೋಟಕ್ಕೆ ನೀರು ಹಾಯಿಸುವ ಸರದಿ ಯಾರದು ಎಂದು ಶುರುವಾದ ಜಗಳ ಪಾಲಿನಲ್ಲಿ ಮುಗಿದಿತ್ತು. ತಮ್ಮ ಸೋಮಶೇಖರಪ್ಪ ಅಜ್ಜಂಪುರಕ್ಕೆ ಹೋಗಿ ಈರುಳ್ಳಿ ಮಂಡಿ ಹಾಕಿದ. ಅಲ್ಲಿಂದೀಚೆಗೆ ಇಬ್ಬರಿಗೂ ಮಾತಿಲ್ಲ.

ನಾಲ್ಕು ವರ್ಷ ತರೀಕೆರೆಗೆ ಅಲೆದು ಆರೂ ಅಕ್ಷರ ಕೂಡಿಸಿದ ದಿನ ತೀರ್ಥಪ್ಪ ಮನೆಯಲ್ಲಿ ಹೋಳಿಗೆ ಮಾಡಿಸಿದರು. ಮಗಳ ನಿಶ್ಚಿತಾರ್ಥಕ್ಕೂ ಕೇಸರಿಬಾತಿನಲ್ಲಿ ಮುಗಿಸಿದ್ದ ಮನುಷ್ಯ! ಹೋಳಿಗೆ ಅರಗುವ ಮುಂಚೆಯೇ ಹೊನ್ನಯ್ಯ ಸುದ್ದಿ ತಂದ. "ಮಾಲಿ ಅಂತ ಇನ್ನೊಂದು ದೇಶ ಸೇರ್ಕಂಡೈತಂತೆ. ಡಿ ಅಕ್ಷರ. ಈಗ ಏಳಾದ್ರೆ ಸೆಟ್ಟು."

"ನನ್ನೊಂದು ಮಾತು ಕೇಳದೆ ಹೆಂಗೋ ಸೇರಿಸ್ಕಂಡ್ರು?" ಎಂದರು ತೀರ್ಥಪ್ಪ. ತಮಾಷೆಗೆ ಅಲ್ಲ.

ಎರಡು ವರ್ಷ ಕಾದ ಮೇಲೆ ಡಿ ನೋಟು ತರೀಕೆರೆಗೆ ಬಂತು. ಅಲ್ಲಿಂದ ಸೀದಾ ಅಜ್ಜಂಪುರಕ್ಕೆ ಹೋಯಿತು.

"ನಿಮ್ಮ ತಮ್ಮನೋರು ಬಂದಿದ್ರು," ಎಂದು ಹೊನ್ನಯ್ಯ ತಲೆ ಕೆರೆದುಕೊಂಡ. "ನಮ್ಮಣ್ಣನ ಹತ್ರ ಯಾವುದಿಲ್ವೋ ಅದು ಕೊಡು ಅಂದ್ರು. ನಾನು ವ್ಯಾಪಾರಸ್ಥ, ಏನು ಮಾಡ್ಲಿ?"

ಇನ್ನೊಂದು ಡಿ ತರಿಸಲು ಬೊಂಬಾಯಿಗೆ ಬರೆಸಿದರು. ಅಷ್ಟರಲ್ಲಿ ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ಇಟ್ಟ ರೂಪಾಯಿ ನೋಟುಗಳೆಲ್ಲ ಮೂರೇ ದಿನಕ್ಕೆ ಮಂಡಿಗೆ ಓಡಿಹೋಗುವುದನ್ನು ಕಂಡಿದ್ದ ಮಲ್ಲಿಕಾಂಬ, ಈ ಸಲ ಮನೆ ಬಿಟ್ಟು ಹೋಗದ ಲಕ್ಷ್ಮಿ ಇರಲೆಂದು ಗಂಡನ ಬಿಸ್ಕತ್ತು ಡಬ್ಬಿಯಿಂದ ಆ ಆರು ನೋಟನ್ನು ತೆಗೆದು ತಟ್ಟೆಯಲ್ಲಿಟ್ಟರು. ದನ ಕಂಡ ಮೇಲೆ ಕೈ ಸುಮ್ಮನಿರುತ್ತದೆಯೇ? ಅತ್ತೆ ಕಲಿಸಿದಂತೆ ಕೊಂಬಿಗೆ ಅರಿಶಿನ ಸವರಿ, ಹಣೆಗೆ ದುಂಡಗೆ ಕುಂಕುಮ ಇಟ್ಟರು. ಆರಕ್ಕೂ.

ತೀರ್ಥಪ್ಪ ಎರಡು ದಿನ ಊಟ ಬಿಟ್ಟರು. ಮೂರನೇ ದಿನ ತಟ್ಟೆ ಸಮೇತ ಹೊನ್ನಯ್ಯನ ಮುಂದೆ ಹೋದರು.

"ಇವನ್ನ ಇನ್ನು ಬೊಂಬಾಯಿನೋರು ಮೂಸೂ ನೋಡಲ್ಲ," ಎಂದು ಹೊನ್ನಯ್ಯ ನಕ್ಕ. "ಆದ್ರೆ ಒಂದು ಮಾತು ಯಜಮಾನ್ರೇ. ಅಜ್ಜಂಪುರದಲ್ಲೂ ಇದೇ ಕಥೆ. ಅಲ್ಲಿ ನಿಮ್ಮ ತಮ್ಮನ ಮನೆಯಮ್ಮನೋರೂ ಡಿ ನೋಟಿನ ದನದ ಹಣೆಗೆ ಕುಂಕುಮ ಇಟ್ಟವ್ರೆ, ಇಷ್ಟೇ ದುಂಡಗೆ."

ಒಂದೇ ಅತ್ತೆಯ ಇಬ್ಬರು ಸೊಸೆಯರು! ಕುಂಕುಮ ಇಟ್ಟ ಆರಕ್ಕೆ ಜೊತೆಯಾಗುವ ಡಿ ನೋಟು ಈಗ ಪ್ರಪಂಚದಲ್ಲಿ ಒಂದೇ. ಅದು ಇದ್ದದ್ದು ಬಸ್ಸು ಹತ್ತಿದರೆ ಸಿಗುವ ಊರಿನಲ್ಲಿ.

"ಹೋಗಿ ಬನ್ನಿ," ಎಂದರು ಮಲ್ಲಿಕಾಂಬ.

"ಅಣ್ಣ ಅನ್ನಿಸ್ಕಂಡೋನು ನಾನು. ಅವನೇ ತರ್ಲಿ."

ಅಜ್ಜಂಪುರದ ಉತ್ತರವೂ ಹೊನ್ನಯ್ಯನ ಬಾಯಲ್ಲೇ ಬಂತು: "ಸೆಟ್ಟು ಬೇಕಾದೋನು ಬರ್ಲಿ." ಹೀಗೆ ಎರಡೂ ಮನೆಯ ಕಾಫಿ ಕುಡಿಯುತ್ತ ಹೊನ್ನಯ್ಯ ಎರಡು ವರ್ಷ ಮಾತು ಹೊತ್ತ. ಬಸ್ಸುಗಳು ದಿನವೂ ಹೋದವು, ಬಂದವು. ತೀರ್ಥಪ್ಪ ಮಾತ್ರ ಸಂಜೆ ಡಬ್ಬಿ ತೆಗೆದು ಆರು ನೋಟು ಸಾಲಾಗಿ ಇಟ್ಟು, ಏಳನೆಯದಕ್ಕೆಂದು ಜಾಗ ಬಿಟ್ಟು, ಆ ಜಾಗವನ್ನೇ ನೋಡುತ್ತ ಕೂರುತ್ತಿದ್ದರು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಒಂದು ದಿನ ಕೊಬ್ಬರಿ ಮಂಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ಮಾರನೇ ಬೆಳಗ್ಗೆ, ಹಣೆ ತುಂಬ ವಿಭೂತಿ ಬಳಿದು ಪಡಸಾಲೆಯ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರು. ಹೊರಗೆ ಹೆಣ ಕೂರಿಸಿ ಹೊರುವ ಹೂವಿನ ವಿಮಾನ ಸಿದ್ಧವಾಗಿತ್ತು. ಮೊದಲ ಬಸ್ಸಿಗೆ ಬಂದ ಸೋಮಶೇಖರಪ್ಪ ಅಣ್ಣನ ಕಾಲು ಹಿಡಿದು ಗೊಳೋ ಎಂದು ಅತ್ತ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಮೆಲ್ಲಗೆ ಕೇಳಿದ.

"ಅತ್ಗೆ, ಆ ಆರು ಎಲ್ಲಿಟ್ಟವ್ನೆ ಅಣ್ಣ? ಏಳೂ ಸೇರಿಸಿ ಕಟ್ಟು ಹಾಕಿಸಿ, ಅಣ್ಣನ ಹೆಸರಲ್ಲಿ ನಮ್ಮ ಮಂಡೀಲಿ ನೇತಾಕ್ತೀನಿ."

"ನಿಂದು ತಂದಿದೀಯೇನಪ್ಪಾ?"

ಸೋಮಶೇಖರಪ್ಪ ಜೇಬಿಗೆ ಕೈ ಹಾಕಿ ತೆಗೆದ. ಮಲ್ಲಿಕಾಂಬ ಅದನ್ನು ಇಸಿದುಕೊಂಡು, ಡಬ್ಬಿಯ ಆರರ ಜೊತೆ ಜೋಡಿಸಿ, ಏಳನ್ನೂ ಗಂಡನ ಮಡಿಲಲ್ಲಿಟ್ಟು, ಮೇಲೆ ಅವರ ಎರಡು ಕೈ ಎಳೆದು ಮುಚ್ಚಿದರು.

"ಏಳೂ ಸೇರಿದ್ವು. ಜೊತೇಲೇ ಮಣ್ಣಿಗೋಗ್ಲಿ. ಇದನ್ನ ಪಾಲು ಮಾಡಂಗಿಲ್ಲ."

ಊರೆಲ್ಲ ನೋಡುತ್ತಿರುವಾಗ ಹೆಣದ ಮಡಿಲಿಗೆ ಕೈ ಹಾಕುವಂತೆಯೂ ಇಲ್ಲ. ಸೋಮಶೇಖರಪ್ಪನ ಕಣ್ಣು ಮತ್ತೆ ತುಂಬಿತು. ಈ ಸಲದ ಅಳು ಮೊದಲಿನದಕ್ಕಿಂತ ನಿಜವಾಗಿತ್ತು.

"ಕೊನೇಗೆ ತಮ್ಮನೇ ಬರೋ ಹಂಗೆ ಮಾಡ್ಬಿಟ್ರಲ್ಲ," ಎಂದು ಸಿದ್ದಪ್ಪ ಬೀಡಿ ಆರಿಸಿದ.

ಕುರ್ಚಿ ಎತ್ತಿದರು. ಅದರ ಮುಂದಿನ ಕಾಲಿಗೆ ಸೋಮಶೇಖರಪ್ಪನೇ ಕೈ ಕೊಟ್ಟ. ಹಳೇ ಬಾಗಿಲು, ಗಿಡ್ಡ. ತೀರ್ಥಪ್ಪನವರ ತಲೆ ಮೇಲಿನ ಪಟ್ಟಿಗೆ ತಾಗುತ್ತಿತ್ತು.

"ಇನ್ನೂ ಬಗ್ಗಪ್ಪಾ," ಎಂದರು ಮಲ್ಲಿಕಾಂಬ ಮೈದುನನಿಗೆ. "ಅವ್ರಿಗೆ ಬಗ್ಗಿ ರೂಢಿ ಇಲ್ಲ."

ಸೋಮಶೇಖರಪ್ಪ ಮೊಣಕಾಲು ಮಡಿಸಿ ನೆಲಕ್ಕೆ ಕೂರುವಷ್ಟು ಬಗ್ಗಿದ. ತೀರ್ಥಪ್ಪ ನೆಟ್ಟಗೆ ಕೂತೇ ಹೊಸಿಲು ದಾಟಿದರು.