ಮುಟ್ಟದೇ ಇಟ್ಟ ದನಿ

ನನ್ನಣ್ಣ ರಾಮನಾಥನಷ್ಟು ಹಟಮಾರಿ ಇಡೀ ಕಾರವಾರದಲ್ಲಿ ಇನ್ನೊಬ್ಬನಿಲ್ಲ. ಒಡಹುಟ್ಟಿದವಳು, ಅವನ ಮನೆಯಲ್ಲೇ ಇರುವವಳು ನಾನು, ಜಯಂತಿ; ಹೇಳುವ ಹಕ್ಕು ನನಗಿದೆ. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ. ಸಂಜೆ ಬರುವಾಗ ಒಂದಿಷ್ಟು ಬಂಗಡೆ ಮೀನು ತಂದು ನನ್ನ ಕೈಗೆ ಕೊಟ್ಟು, ಜನರ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡಲು ಕೂರುತ್ತಿದ್ದ. ಕಂಪ್ಯೂಟರು ಮಾತ್ರ ಅವನದಲ್ಲ, ಶಾಲೆಯಲ್ಲಿ ಟೀಚರಾಗಿದ್ದ ನಾಗಶ್ರೀ ಅತ್ತಿಗೆ ಕೊಂಡದ್ದು.

ಅತ್ತಿಗೆ ಕಾಯಿಲೆಯಾಗಿ ಮಣಿಪಾಲಕ್ಕೆ ಓಡಾಡುತ್ತಿದ್ದಾಗ, ತಾನಿಲ್ಲದ ದಿನ ಮಗಳು ಪ್ರೇಕ್ಷಾ ಅಳಬಾರದೆಂದು ಕತೆಗಳನ್ನು ಹೇಳಿ ಆ ಕಂಪ್ಯೂಟರಿನಲ್ಲೇ ರೆಕಾರ್ಡು ಮಾಡಿಟ್ಟಿದ್ದಳು. ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಹೋಗಿಬಿಟ್ಟಳು. ಆಮೇಲೆ ಅಣ್ಣನಿಗೆ ಒಂದೇ ಹೆದರಿಕೆ: ತನ್ನ ಕೈತಪ್ಪಿನಿಂದ ಆ ದನಿ ಅಳಿಸಿಹೋದರೆ?

ಅತ್ತಿಗೆಯನ್ನು ಈಗಲೂ ‘ಅಕ್ಕೋರು’ ಎಂದೇ ಕರೆಯುವ ಅವಳ ಹಳೇ ವಿದ್ಯಾರ್ಥಿ ಸತೀಶ ಅಂಕೋಲೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಅವನು ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸೀಡಿಯೊಂದನ್ನು ತಂದುಕೊಟ್ಟ. ಅದನ್ನು ಹಾಕಿ ಶುರುಮಾಡಿದರೆ ಎಲ್ಲ ಸೀಡಿಯಿಂದಲೇ ನಡೆಯುತ್ತದೆ, ಕತೆಗಳಿರುವ ಒಳಗಿನ ಹಾರ್ಡ್ ಡಿಸ್ಕನ್ನು ಮುಟ್ಟುವುದೇ ಇಲ್ಲ. ಟೈಪು ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡರಾಯಿತು.

"ಅಣ್ಣಾ, ಅಕ್ಕೋರ ಕತೆಗಳನ್ನೂ ಹಾಂಗೇ ಒಂದು ಕಾಪಿ ತೆಗೆದಿಡ್ವಾ?" ಎಂದು ಅವನು ಆವತ್ತೇ ಕೇಳಿದ್ದ.

"ಮುಟ್ಟಬೇಡ್ವೋ ಮಾರಾಯಾ! ಇದ್ದ ಹಾಂಗೇ ಇರ್ಲಿ."

ಪ್ರೇಕ್ಷಾ ತಾಯಿಯ ಕತೆ ಹಾಕೆಂದು ಕೇಳಿದಾಗಲೆಲ್ಲ ಅಣ್ಣ "ದೊಡ್ಡವಳಾಗು ಮಗಾ, ಆಯಿ ಕತೆ ಕೇಳಿಸ್ತೆ" ಎನ್ನುತ್ತಿದ್ದ. ಅಯ್ಯೋ, ಅವನಿಗೇ ಕೇಳುವ ಧೈರ್ಯವಿರಲಿಲ್ಲ! ನಾನು ಬಾಯಿಗೆ ಬಂದಂತೆ ಬೈದೆ. ಅವನು ಊಟ ಬಿಟ್ಟ. ನಾನೇ ಸೋತು ಸುಮ್ಮನಾದೆ. ದಿನಾ ಸಂಜೆ ಸೀಡಿ ಗುಂಯ್ ಎನ್ನುತ್ತಿತ್ತು, ಟೈಪು ಸಾಗುತ್ತಿತ್ತು.

ಪ್ರೇಕ್ಷಾ ಹೈಸ್ಕೂಲು ಸೇರಿದ ವರ್ಷ, ಒಂದು ದಿನ ಊಟದ ತಾಟಿನ ಮುಂದೆ ಅತ್ತುಬಿಟ್ಟಳು.

"ಅತ್ತೇ, ನಂಗೆ ಆಯಿ ದನಿ ಮರ್ತೇ ಹೋಯ್ತು."

ಅಣ್ಣ ಅರ್ಧಕ್ಕೇ ಕೈತೊಳೆದು ಎದ್ದ. ಮರುದಿನವೇ ಸತೀಶನನ್ನು ಕರೆಸಿದ. ಸತೀಶ ಸೀಡಿ ತೆಗೆದು ಕಂಪ್ಯೂಟರು ಹಚ್ಚಿದ. ಏನೂ ಬರಲಿಲ್ಲ. ಡಬ್ಬಿ ಬಿಚ್ಚಿ ನೋಡಿದರೆ ಡಿಸ್ಕಿನ ತಳವೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು.

"ಇದು ಯಾವಾಗ್ಲೋ ಸತ್ತು ಹೋಗಿದೆ, ಅಣ್ಣಾ."

"ಎಂತಾ ಹೇಳ್ತ್ಯೋ? ನಿನ್ನೆನೂ ಟೈಪ್ ಮಾಡಿದ್ನಲ್ಲೋ!"

"ಅದು ಸೀಡಿ ಮೇಲೆ ನಡೆದದ್ದು. ಅದ್ಕೆ ಡಿಸ್ಕಿನ ಗರಜೇ ಇಲ್ಲ. ಹಾಂಗಾಗಿ ನಿಮಗೆ ಗೊತ್ತಾಗ್ಲಿಲ್ಲ."

ಕತೆಗಳನ್ನು ಹೇಗಾದರೂ ಹೊರತೆಗೆಯಬಹುದೇನೋ ಎಂದು ಡಿಸ್ಕನ್ನು ಹುಬ್ಬಳ್ಳಿಗೆ ಕಳಿಸಿದ್ದೂ ಆಯಿತು. ಹೋದ ಹಾಗೇ ವಾಪಸು ಬಂತು.

ಆ ಸಂಜೆ ಪ್ರೇಕ್ಷಾ ಅಳಲಿಲ್ಲ. ಅಪ್ಪನ ಪಕ್ಕ ಹೋಗಿ ಕೂತಳು.

"ಹೋಗ್ಲಿ ಬಿಡಪ್ಪಾ. ಆಯಿ ನನ್ನ ಹ್ಯಾಂಗೆ ಕರೀತಿತ್ತು? ನೀನೇ ಒಂದ್ಸಲ ಹಾಂಗೆ ಕರಿ."

"ಪ್ರೇಕ್ಷೂ," ಎಂದ ಅಣ್ಣ. ಅದು ಅವನದೇ ದನಿ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕರೆದ. ಆಮೇಲೆ ಗಾಬರಿಯಿಂದ ನನ್ನ ಕಡೆ ನೋಡಿದ.

"ಜಯಂತೀ, ನಿಂಗಾದ್ರೂ ಅವಳ ದನಿ ನೆನಪಿದ್ಯೇ?"

ನನಗೂ ಇರಲಿಲ್ಲ.