ಸೋಮವಾರದ ಇರುವೆಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಈಗಲೂ ಬಹಳ ದೂರ ಹೋಗಿಲ್ಲ. ಆದರೆ ಒಂದು ಮಲ್ಲಿಗೆ ಗಿಡದ ವಿಷಯದಲ್ಲಿ ಆ ಕೋಪ ನನ್ನಿಂದ ಮಾಡಿಸಿದ ತಪ್ಪನ್ನು ನೆನೆದರೆ, ಇಷ್ಟು ವಯಸ್ಸಾದ ಮೇಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಐಮಂಗಲದಿಂದ ಮದಕರಿಪುರಕ್ಕೆ ಸೊಸೆಯಾಗಿ ಬಂದಾಗ, ಗಾಡಿಯಲ್ಲಿ ಕುಳಿತ ನನ್ನ ಮಡಿಲಲ್ಲಿ ಒದ್ದೆ ಗೋಣಿಚೂರು ಸುತ್ತಿದ ದುಂಡುಮಲ್ಲಿಗೆಯ ಕಡ್ಡಿ ಇತ್ತು. ಅವ್ವ ನೆಟ್ಟಿದ್ದ ಗಿಡದ ಕಡ್ಡಿ. ಅವ್ವ ತೀರಿಕೊಂಡು ಆಗಲೇ ವರ್ಷವಾಗಿತ್ತು. ಮುಂದಿನ ಬೇಸಿಗೆಯಲ್ಲಿ ತವರಿನ ಆ ಗಿಡ ನೀರು ಹಾಕುವವರಿಲ್ಲದೆ ಒಣಗಿಹೋಯಿತೆಂದು ಅಪ್ಪ ಹೇಳಿಕಳಿಸಿದ. ಅಲ್ಲಿಗೆ ಅವ್ವ ಕೈಯಾರೆ ಬೆಳೆಸಿದ್ದು ಅಂತ ಉಳಿದದ್ದು ನಮ್ಮ ಹಿತ್ತಲಿನಲ್ಲಿ, ಬಾವಿಯ ಪಕ್ಕ ನಾನು ನೆಟ್ಟಿದ್ದು ಒಂದೇ.

ಆ ಗಿಡ ಮೊಳಕಾಲೆತ್ತರ ಬಂದಿತ್ತು, ಇರುವೆ ಹತ್ತಿದವು. ಬರೀ ಇರುವೆಯಾದರೆ ಸುಮ್ಮನಿರುತ್ತಿದ್ದೆ. ಅವುಗಳ ಹಿಂದೆಯೇ ಕುಡಿಗಳಿಗೆಲ್ಲ ಹಿಟ್ಟು ಉದುರಿಸಿದ ಹಾಗೆ ಬಿಳಿ ಹುಳು ಮೆತ್ತಿಕೊಂಡವು. ಹುಳು ಗಿಡದ ರಸ ಹೀರುತ್ತವೆ, ಇರುವೆ ಆ ಹುಳುಗಳನ್ನು ದನ ಕಾದಂತೆ ಕಾಯುತ್ತವೆ. ಎಲೆ ಮುರುಟಿ, ಹಳದಿಯಾಗಿ, ಒಂದೊಂದೇ ಉದುರತೊಡಗಿದವು.

ನಾನು ಕುದಿಯುವ ನೀರಿನ ಚೊಂಬು ಹಿಡಿದುಕೊಂಡು ಹೋದರೆ ಅತ್ತೆ ಅಡ್ಡ ಬಂದರು.

"ಬ್ಯಾಡ ಕಣವ್ವ, ಸುಡಬ್ಯಾಡ. ಅವುಕ್ಕೂ ಹೊಟ್ಟೆ ಐತೆ. ದಾರಿ ತಪ್ಪಿಸು, ಹೋಗ್ತಾವೆ."

ಸರಿ, ದಾರಿ ತಪ್ಪಿಸಲು ಕೂತೆ. ಸೀಗೆಕಾಯಿ ನೀರಿನಲ್ಲಿ ಕುಡಿಗಳನ್ನು ಒಂದೊಂದಾಗಿ ತೊಳೆದು ಹುಳು ಉಜ್ಜಿ ತೆಗೆದೆ. ಬುಡಕ್ಕೆ ಹೊಂಗೆ ಹಿಂಡಿ ಕಲೆಸಿದೆ. ಕಾಂಡಕ್ಕೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಕಟ್ಟಿದೆ. ಸುತ್ತಲೂ ಒಲೆಯ ಬೂದಿಯಿಂದ ದಪ್ಪನೆಯ ಗೆರೆ ಎಳೆದೆ. ನಮ್ಮ ಮನೆಯವರು ಹೊಲಕ್ಕೆ ಹೊರಟವರು ನಿಂತು ನೋಡಿ, "ದುರ್ಗದ ಕೋಟೆಗೂ ಇಷ್ಟು ಸುತ್ತು ಇಲ್ಲ ಬಿಡು" ಎಂದು ನಕ್ಕು ಹೋದರು.

ನಾಲ್ಕೈದು ದಿನ ಗಿಡ ಶುದ್ಧವಾಗಿತ್ತು. ಸೋಮವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಬೂದಿಯ ಗೆರೆ ಒಂದು ಕಡೆ ತೊಳೆದುಹೋಗಿದೆ. ಬುಡದಲ್ಲಿ ಇರುವೆಗಳ ಜಾತ್ರೆ. ಮತ್ತೆ ಎಲ್ಲ ಮಾಡಿದೆ. ಮುಂದಿನ ಸೋಮವಾರ ಮತ್ತೆ ಅದೇ ಕಥೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಪಾಡು.

ಮೂರನೆಯ ಸಲ ನನಗೆ ಅನುಮಾನ ಬಂತು. ಬೂದಿ ತಾನಾಗಿ ತೊಳೆದುಹೋಗುವುದಿಲ್ಲ, ಮಳೆಯೂ ಬಂದಿಲ್ಲ. ನನಗಿಂತ ಮೊದಲು ಎದ್ದು ಹಿತ್ತಲಿಗೆ ಹೋಗುವವರು ಅತ್ತೆ ಒಬ್ಬರೇ. ತಮ್ಮ ಹಿತ್ತಲಿನಲ್ಲಿ ಸೊಸೆಯ ತವರಿನ ಗಿಡ ಬೇರು ಬಿಡುವುದು ಅವರಿಗೆ ಬೇಕಿಲ್ಲ ಎಂದು ನಾನೇ ತೀರ್ಮಾನ ಮಾಡಿದೆ. ಅದಕ್ಕೆ ಇರುವೆ ಸುಡಬೇಡ ಅಂದರೋ ಎಂದೂ ಹಲ್ಲು ಕಡಿದೆ. ಅವರ ಹತ್ತಿರ ಮಾತು ಬಿಟ್ಟೆ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಗಿಡದಲ್ಲಿ ಬೆರಳೆಣಿಕೆಯಷ್ಟು ಎಲೆ ಉಳಿದಿದ್ದವು.

ಮುಂದಿನ ಸೋಮವಾರ ಬೆಳಕು ಹರಿಯುವ ಮುಂಚೆ ಎದ್ದು ಸೌದೆ ಒಟ್ಟಿಲ ಹಿಂದೆ ನಿಂತೆ. ಕೈಯಾರೆ ಹಿಡಿಯಬೇಕು, ಹಿಡಿದು ಮುಖದ ಮೇಲೆ ಕೇಳಬೇಕು ಅಂತ. ಅತ್ತೆ ಬಂದರು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೈಯಲ್ಲಿ ಪೂಜೆಯ ಹಿತ್ತಾಳೆ ತಟ್ಟೆ. ಸೋಮವಾರ ದೇವರ ಜಗಲಿಯ ಬಸವಣ್ಣನಿಗೆ ಹಾಲು, ಬೆಲ್ಲ, ಜೇನುತುಪ್ಪದ ಅಭಿಷೇಕ ಮಾಡುತ್ತಿದ್ದರು. ಆ ನೀರನ್ನು ಯಾರೂ ತುಳಿಯಬಾರದೆಂದು ಹಿತ್ತಲಿನ ಮೂಲೆಯ ಪತ್ರೆ ಮರದ ಬುಡಕ್ಕೆ ಹಾಕುವುದು ವಾಡಿಕೆ. ಅವತ್ತು ಅವರು ಪತ್ರೆ ಮರ ದಾಟಿ ನನ್ನ ಮಲ್ಲಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದು ತೊಟ್ಟೂ ಬಿಡದೆ ಬುಡಕ್ಕೆ ಸುರಿದರು.

"ತಾಯಿಲ್ಲದ ಕೂಸಿನ ಗಿಡ ಇದು. ಒಣಗಿಸಬ್ಯಾಡಪ್ಪ ಸ್ವಾಮಿ" ಎಂದು ಕೈಮುಗಿದರು.

ಹಿಡಿಯಲು ಬಂದವಳು ಸೌದೆಗೆ ಒರಗಿ ನಿಂತೇ ಇದ್ದೆ. ಏನೆಂದು ಹೇಳುವುದು? ದೇವರ ನೀರಿನಿಂದ ನನ್ನ ಗಿಡ ಸಾಯುತ್ತಿದೆ ಅನ್ನಲೇ? ಅತ್ತ ಗಿಡ, ಇತ್ತ ಅವರ ಮನಸ್ಸು, ಯಾವುದನ್ನು ಉಳಿಸಲಿ ಅಂತ ವಾರವೆಲ್ಲ ಒದ್ದಾಡಿದೆ.

ಮರು ಸೋಮವಾರ ಬಾವಿಯ ಹತ್ತಿರ ಕಾದಿದ್ದು, ಅವರ ಕೈಯಿಂದ ತಟ್ಟೆ ಇಸಿದುಕೊಂಡೆ. "ಅತ್ತೆ, ಇದನ್ನ ಮೊದಲಿನಂಗೆ ಪತ್ರೆ ಮರಕ್ಕೇ ಹಾಕಾಣ" ಎಂದೆ.

ಅವರು ನನ್ನ ಮುಖ ನೋಡಿದರು, ಗಿಡ ನೋಡಿದರು, ಬುಡದ ಇರುವೆ ನೋಡಿದರು. ತಟ್ಟೆಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಆಮೇಲೆ ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

"ಅಯ್ಯೋ ಶಿವನೇ. ಇರುವೇನ ಕರದು ಉಣ್ಣಾಕ್ ಇಟ್ಟೋಳು ನಾನೇ ಅನ್ನು."

ನಾನು ಅಲ್ಲೇ ನೆಲಕ್ಕೆ ಕೂತು ಎಲ್ಲ ಒಪ್ಪಿಕೊಂಡೆ. "ನಾನು ನಿಮ್ಮನ್ನ ಕೆಟ್ಟೋರು ಅಂದ್ಕಂಡಿದ್ದೆ ಅತ್ತೆ. ಅದಕ್ಕೇ ಮಾತು ಬಿಟ್ಟಿದ್ದೆ."

"ಗಿಡ ಒಣಗ್ತೈತಲ್ಲ, ಆ ಸಂಕಟಕ್ಕೆ ಮಾತಾಡ್ತಿಲ್ಲ ಅಂದ್ಕಂಡೆ ಕಣವ್ವ" ಎಂದರು ಅವರು. "ಅದಕ್ಕೇ ಜೇನುತುಪ್ಪ ಇನ್ನೊಂದಿಷ್ಟು ಜಾಸ್ತಿ ಹಾಕ್ತಿದ್ದೆ."

ಇಬ್ಬರಿಗೂ ನಗು ಬಂತು, ಆಮೇಲೆ ಅಳು ಬಂತು. ಅಭಿಷೇಕದ ನೀರು ಪತ್ರೆ ಮರಕ್ಕೆ ಹೋಯಿತು. ಇರುವೆಗಳೂ ಕೆಲವೇ ದಿನಗಳಲ್ಲಿ ಅದರ ಹಿಂದೆ ಹೋದವು. ದೊಡ್ಡ ಮರ, ಅದಕ್ಕೇನೂ ಆಗಲಿಲ್ಲ. ಮಲ್ಲಿಗೆಯ ಕೆಟ್ಟ ರೆಂಬೆಗಳನ್ನೆಲ್ಲ ಗೇಣುದ್ದಕ್ಕೆ ಸವರಿ, ಸಿಹಿ ಇಂಗಿದ್ದ ಮಣ್ಣು ತೆಗೆದು ಹೊಸ ಮಣ್ಣು ಹಾಕಿದೆವು. ಬೂದಿಯ ಗೆರೆ ಎಳೆಯುವ ಕೆಲಸ ಮಾತ್ರ ಅತ್ತೆ ನನಗೆ ಬಿಟ್ಟುಕೊಡಲಿಲ್ಲ. ದಿನಾ ಬೆಳಿಗ್ಗೆ ರಂಗೋಲಿಗಿಂತ ಮೊದಲು ಅದನ್ನೇ ಎಳೆಯುತ್ತಿದ್ದರು.

ಮರುವರ್ಷ ಯುಗಾದಿ ಕಳೆದ ಮೇಲೆ ಮೊದಲ ಹೂ ಬಿಟ್ಟಿತು, ಒಂದೇ ಒಂದು. ನಮ್ಮ ಮನೆಯಲ್ಲಿ ಯಾವ ಗಿಡದ್ದೇ ಆಗಲಿ, ಮೊದಲ ಹೂವು ಜಗಲಿಗೆ ಏರದೆ ಯಾರ ಮುಡಿಗೂ ಹೋದದ್ದಿಲ್ಲ. ಅತ್ತೆ ಅದನ್ನು ಕಿತ್ತು ನೇರ ನನ್ನ ಹತ್ತಿರ ಬಂದರು, ನನ್ನನ್ನು ತಿರುಗಿಸಿ ನಿಲ್ಲಿಸಿ ಜಡೆಗೆ ಸಿಕ್ಕಿಸಿದರು.

"ಬಸವಣ್ಣಂಗೆ ನಾಳೆ ಬಿಡ್ತೈತೆ. ಇದು ನಿಮ್ಮವ್ವ ಕಳ್ಸಿದ್ದು."

ಹೂವಿನೊಳಗೆ ಇರುವೆಯೊಂದು ಉಳಿದುಕೊಂಡಿತ್ತು. ಅದು ಇಳಿದು ಬಂದು ಕತ್ತಿಗೆ ಚುರುಕ್ಕನೆ ಕಚ್ಚಿತು.

"ಯಾಕವ್ವ ಅಳ್ತೀಯ?" ಎಂದರು ಅತ್ತೆ.

"ಇರುವೆ ಕಚ್ತು ಅತ್ತೆ" ಎಂದೆ.