ನಾಲ್ಕು ಗಂಟೆಯ ಮಳೆ

ಕುಷ್ಟಗಿಯ ನಮ್ಮ ಶಾಲೆಯಲ್ಲಿ ನನ್ನ ಗಣಿತದ ತರಗತಿಯ ಪಕ್ಕದ ಕೋಣೆ ಭೂಗೋಳದ ಮಾಸ್ತರರದ್ದು. ನಡುವಿನ ಗೋಡೆ ಇನ್ನಷ್ಟು ದಪ್ಪವಿರಬೇಕಿತ್ತು ಎಂದು ನನಗೆ ದಿನವೂ ಅನ್ನಿಸುತ್ತಿತ್ತು.

ಭೂಮಧ್ಯರೇಖೆಯ ಮಳೆಕಾಡಿನ ಪಾಠ ಬಂತೆಂದರೆ ಅವರು ಕಿಟಕಿಗಳಿಗೆ ಒದ್ದೆ ಚಾದರ ಕಟ್ಟಿ ಕತ್ತಲು ಮಾಡುತ್ತಿದ್ದರು. ಎತ್ತರದ ಮಕ್ಕಳು ಬೆಂಚಿನ ಮೇಲೆ ಕೈ ಚಾಚಿ ನಿಂತು ಮರಗಳಾಗುತ್ತಿದ್ದರು. "ಮ್ಯಾಲಿನ ಗಿಡ ಬಿಸಿಲೆಲ್ಲಾ ತಿಂತಾವ. ಕೆಳಗಿನವ್ರು ಎಲಿ ಅಗಲ ಮಾಡ್ರಿ!" ಎಂದರೆ ನೆಲದಲ್ಲಿ ಕೂತ ಸಣ್ಣವರು ಅಂಗೈ ಅರಳಿಸುತ್ತಿದ್ದರು. ನನ್ನ ವಿದ್ಯಾರ್ಥಿಗಳು ತ್ರಿಕೋನ ಬಿಟ್ಟು ಗೋಡೆಗೆ ಕಿವಿ ಕೊಡುತ್ತಿದ್ದರು. ಇದು ಪಾಠವಲ್ಲ, ಸರ್ಕಸ್ಸು ಎಂದು ಸಹೋದ್ಯೋಗಿಗಳ ಮುಂದೆ ಗೊಣಗಿದೆ. ಯಾರೂ ನಗಲಿಲ್ಲ.

ಆ ಕಾಡಿನಲ್ಲಿ ದಿನವೂ ಸಂಜೆ ನಾಲ್ಕಕ್ಕೆ ಮಳೆ ಸುರಿಯುತ್ತದಂತೆ. ಅದಕ್ಕೇ ಯಾರನ್ನು ಕಂಡರೂ ಮಾಸ್ತರರದು ಒಂದೇ ಮಾತು: "ನಾಲ್ಕಕ್ಕ ಮಳಿ ಐತ್ರೀ, ಲಗೂ ಮನಿ ಮುಟ್ರಿ." ಶಾಲೆ ಬಿಟ್ಟೊಡನೆ ಮಕ್ಕಳೆಲ್ಲ ಪಾಟಿಚೀಲ ತಲೆಯ ಮೇಲಿಟ್ಟುಕೊಂಡು ರಣಬಿಸಿಲಿನಲ್ಲಿ ಓಡುತ್ತಿದ್ದರು. ಅವರ ನಡುವೆ ನನ್ನ ಮಗಳೂ ಇರುತ್ತಿದ್ದಳು.

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ನೀವು ಆ ಕಾಡು ನೋಡೀರೇನ್ರಿ?"

"ಕನಕಗಿರಿ ದಾಟಿ ನಾ ಎಲ್ಲಿ ಹೋಗೀನ್ರಿ ಸರ್!" ಎಂದು ನಕ್ಕರು. ಆ ನಗುವಿಗೆ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಈಗ ಅವರಿಗೆ ಬೇರೆ ಊರಿಗೆ ವರ್ಗವಾಗಿದೆ. ನನಗೆ ನೆಮ್ಮದಿಯಾಗಬೇಕಿತ್ತು. ಮೊನ್ನೆ ರಜೆಯ ದಿನ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯನ್ನೆಲ್ಲ ಬಾಚಿ ಒಳಗೆ ತಂದಿಟ್ಟೆ.

"ಬಿಸಿಲು ಇಷ್ಟು ಸುಡಾಕತ್ತೈತಿ, ಸಂಡಿಗಿ ಯಾಕ ತಂದ್ರಿ?" ಎಂದಳು ಹೆಂಡತಿ.

ಗಡಿಯಾರ ನೋಡಿದೆ. ಇನ್ನೇನು ನಾಲ್ಕಾಗುವುದರಲ್ಲಿತ್ತು. ಆ ಮನುಷ್ಯನ ಹೆಸರೆತ್ತಲು ಮನಸ್ಸಾಗದೆ, "ಸುಮ್ಮನ ತಂದೆ" ಎಂದೆ.